ವೆಬ್‌ಮೇಲ್ ಬ್ರೌಸರ್‌ನಲ್ಲಿ ತೆರೆಯದಿದ್ದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿರುವ ಪ್ರಶ್ನೆಗಳು ಪತ್ರಗಳಲ್ಲಿ, ಫೋನಿನಲ್ಲಿ ಮತ್ತು ಮುಖಾಮುಖಿ ಮಾತುಕತೆಯಲ್ಲಿ ಮತ್ತೆ ಮತ್ತೆ ಬಂದಂಥವು. ಕೇಳಿದವರ ಮಾತನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿದ್ದೇನೆ. ಹೆಚ್ಚಿನವರು ಕೇಳುವುದು ಜಿಮೇಲ್ ಮತ್ತು ಕ್ರೋಮ್ ಬಗ್ಗೆಯಾದ್ದರಿಂದ ಉದಾಹರಣೆಗಳೂ ಅಲ್ಲಿಂದಲೇ ಬಂದಿವೆ. ಸ್ವಂತ ಡೊಮೈನ್‌ನ, ಅಂದರೆ ತಮ್ಮದೇ ಹೆಸರಿನ ಜಾಲವಿಳಾಸದ, ವೆಬ್‌ಮೇಲ್ ಬಳಸುವ ಸಣ್ಣ ಕಚೇರಿಗಳಿಗೂ ಕಾಲೇಜುಗಳಿಗೂ ಬೇಕಾದ ಉತ್ತರಗಳು ಕೊನೆಯ ಭಾಗಗಳಲ್ಲಿವೆ. ಮೊದಲೇ ಒಂದು ವಿನಂತಿ: ಯಾವುದನ್ನೇ ಆಗಲಿ ಅಳಿಸುವ ಅಥವಾ ಹೊಸದಾಗಿ ಇನ್‌ಸ್ಟಾಲ್ ಮಾಡುವ ಮುನ್ನ, ದೋಷ ಯಾವ ಕಡೆ ಇದೆ ಎಂಬುದನ್ನು ಗೊತ್ತುಮಾಡಿಕೊಳ್ಳಿ. ಬಹುಪಾಲು ಹಾನಿ ಮೂಲ ದೋಷದಿಂದ ಆಗುವುದಿಲ್ಲ, ಆತುರದ ರಿಪೇರಿಯಿಂದ ಆಗುತ್ತದೆ.

## ಮೊದಲು ನೋಡಬೇಕಾದದ್ದು

ಬೆಳಿಗ್ಗೆಯಿಂದ ಜಿಮೇಲ್ ಲೋಡ್ ಆಗ್ತಾನೇ ಇಲ್ಲ. ಎಲ್ಲಿಂದ ಶುರು ಮಾಡಲಿ?

ಮೂರು ಪರೀಕ್ಷೆಗಳಿಂದ ಶುರು ಮಾಡಿ. ಮೂರಕ್ಕೂ ಸೇರಿ ಐದು ನಿಮಿಷ ಸಾಕು, ಮತ್ತು ಇವುಗಳಿಂದ ಏನೂ ಅಳಿಸಿಹೋಗುವುದಿಲ್ಲ.

ಮೊದಲನೆಯದಾಗಿ, ಅದೇ ಬ್ರೌಸರ್‌ನಲ್ಲಿ ನೀವು ಇತ್ತೀಚೆಗೆ ನೋಡಿರದ ಬೇರೊಂದು ಜಾಲತಾಣವನ್ನು ತೆರೆಯಿರಿ. ದಿನವೂ ನೋಡುವ ತಾಣ ಈ ಪರೀಕ್ಷೆಗೆ ಆಗದು, ಏಕೆಂದರೆ ಸಂಪರ್ಕ ಇಲ್ಲದಿದ್ದರೂ ಅದರ ಹಳೆಯ ಪ್ರತಿ ಬ್ರೌಸರ್‌ನ ಸಂಗ್ರಹದಿಂದ ಕಾಣಿಸಿಕೊಳ್ಳಬಹುದು. ಹೊಸ ತಾಣವೂ ತೆರೆಯದಿದ್ದರೆ ತೊಂದರೆ ಇಂಟರ್‌ನೆಟ್ ಸಂಪರ್ಕದ್ದು, ಮೇಲ್‌ನದ್ದಲ್ಲ. ಎರಡನೆಯದಾಗಿ, ಮೊಬೈಲಿನ ವೈಫೈ ಆರಿಸಿ, ಮೊಬೈಲ್ ಡೇಟಾದಲ್ಲಿ ಅದೇ ಖಾತೆಯನ್ನು ತೆರೆದು ನೋಡಿ. ಅಲ್ಲಿ ಹೊಸ ಪತ್ರಗಳು ಬರುತ್ತಿದ್ದರೆ ಖಾತೆಯೂ ಗೂಗಲ್‌ನ ಸರ್ವರ್‌ಗಳೂ ಸರಿಯಾಗಿವೆ ಎಂದಾಯಿತು. ಮೂರನೆಯದಾಗಿ, ಕಂಪ್ಯೂಟರಿನಲ್ಲಿ ಇನ್‌ಕಾಗ್ನಿಟೋ ಎಂಬ ಖಾಸಗಿ ವಿಂಡೋ ತೆರೆದು ಅಲ್ಲಿ ಲಾಗಿನ್ ಆಗಿ. ಕ್ರೋಮ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎನ್ ಮತ್ತು ಫೈರ್‌ಫಾಕ್ಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಪಿ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಅದು ತೆರೆಯುತ್ತದೆ. ಅಲ್ಲಿ ಮೇಲ್ ಬಂದರೆ ದೋಷ ನಿಮ್ಮ ಬ್ರೌಸರ್ ಕೂಡಿಟ್ಟುಕೊಂಡ ಕಡತಗಳಲ್ಲಿ ಅಥವಾ ಎಕ್ಸ್‌ಟೆನ್ಷನ್‌ಗಳಲ್ಲಿ, ಅಂದರೆ ಬ್ರೌಸರ್‌ಗೆ ಸೇರಿಸಿಕೊಂಡ ಕಿರು ತಂತ್ರಾಂಶಗಳಲ್ಲಿ, ಇದೆ. ಅಲ್ಲಿಯೂ ಬರದೆ, ಮೊಬೈಲ್ ಡೇಟಾದಲ್ಲಿ ಮಾತ್ರ ಬಂದರೆ, ಕಂಪ್ಯೂಟರನ್ನು ಮೊಬೈಲಿನ ಹಾಟ್‌ಸ್ಪಾಟ್‌ಗೆ ಜೋಡಿಸಿ ಮತ್ತೊಮ್ಮೆ ನೋಡಿ. ಆಗ ತೆರೆದರೆ ದೋಷ ನಿಮ್ಮ ಬ್ರಾಡ್‌ಬ್ಯಾಂಡ್ ಅಥವಾ ಕಚೇರಿಯ ಜಾಲದಲ್ಲಿದೆ; ಆಗಲೂ ತೆರೆಯದಿದ್ದರೆ ಕಂಪ್ಯೂಟರಿನಲ್ಲಿಯೇ ಇದೆ.

ಮುಂದಿನ ಉತ್ತರಗಳಲ್ಲಿ ಯಾವುದು ನಿಮಗೆ ಸಂಬಂಧಿಸಿದ್ದು ಎಂಬುದು ಈ ಫಲಿತಾಂಶದಿಂದಲೇ ತಿಳಿಯುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಅದರ ಫಲ ನೋಡಿದ ನಂತರ ಇನ್ನೊಂದಕ್ಕೆ ಕೈಹಾಕಿ.

ತೊಂದರೆ ನನ್ನದೋ ಗೂಗಲ್‌ನದೋ ಅಂತ ಹೇಗೆ ಗೊತ್ತಾಗುತ್ತೆ? ಅಷ್ಟು ದೊಡ್ಡ ಕಂಪನಿಯ ಸರ್ವರ್ ಕೆಡುತ್ತಾ?

ಅಪರೂಪಕ್ಕೆ ಕೆಡುತ್ತದೆ. 2020ರ ಡಿಸೆಂಬರ್ 14ರಂದು ಭಾರತದ ಸಮಯ ಸಂಜೆ ಸುಮಾರು ಐದೂಕಾಲರಿಂದ ಮುಕ್ಕಾಲು ಗಂಟೆಯ ಕಾಲ ಜಿಮೇಲ್, ಡ್ರೈವ್, ಯೂಟ್ಯೂಬ್ ಮೊದಲಾದ ಸೇವೆಗಳು ಜಗತ್ತಿನಾದ್ಯಂತ ನಿಂತುಹೋಗಿದ್ದವು. ಬಳಕೆದಾರರನ್ನು ಗುರುತಿಸುವ ವ್ಯವಸ್ಥೆಗೆ ಮೀಸಲಾಗಿದ್ದ ಸಂಗ್ರಹದ ಮಿತಿ ಸ್ವಯಂಚಾಲಿತವಾಗಿ, ತಪ್ಪಾಗಿ ಇಳಿದುಬಿಟ್ಟದ್ದು ಅದಕ್ಕೆ ಕಾರಣ. ಆ ಸಂಜೆ ಲಾಗಿನ್ ಆಗದೆ ನೋಡಿದವರಿಗೆ, ಅಂದರೆ ಇನ್‌ಕಾಗ್ನಿಟೋ ವಿಂಡೋದಲ್ಲಿ, ಯೂಟ್ಯೂಬ್ ಎಂದಿನಂತೆ ತೆರೆಯುತ್ತಿತ್ತು. ಲಾಗಿನ್ ಆದವರಿಗೆ ಮಾತ್ರ ತೆರೆಯುತ್ತಿರಲಿಲ್ಲ. ಕೆಟ್ಟದ್ದು ಗುರುತಿಸುವ ವ್ಯವಸ್ಥೆ ಮಾತ್ರ ಎಂಬುದು ಹೊರಗಿನಿಂದಲೇ ಹಾಗೆ ಕಾಣುತ್ತಿತ್ತು.

ಗೂಗಲ್ ತನ್ನ ಸೇವೆಗಳ ಸ್ಥಿತಿಯನ್ನು ವರ್ಕ್‌ಸ್ಪೇಸ್ ಸ್ಟೇಟಸ್ ಡ್ಯಾಶ್‌ಬೋರ್ಡ್ ಎಂಬ ಪುಟದಲ್ಲಿ ಪ್ರಕಟಿಸುತ್ತದೆ. ಅಂಥ ಪುಟಗಳಲ್ಲಿ ಸುದ್ದಿ ಬರುವುದು ಸ್ವಲ್ಪ ತಡವಾಗಬಹುದು, ಆದ್ದರಿಂದ ಬೇರೆ ಊರಿನ ಒಬ್ಬಿಬ್ಬರು ಪರಿಚಿತರನ್ನು ವಿಚಾರಿಸುವುದೂ ಒಳ್ಳೆಯದು. ಸರ್ವರ್‌ನದೇ ತೊಂದರೆ ಎಂದು ಖಚಿತವಾದರೆ ಕಾಯುವುದೊಂದೇ ಉಪಾಯ. ಆ ಹೊತ್ತಿನಲ್ಲಿ ಪಾಸ್‌ವರ್ಡ್ ಬದಲಿಸುವುದು, ಖಾತೆಯಿಂದ ಹೊರಬಂದು ಮತ್ತೆ ಒಳಹೋಗಲು ಯತ್ನಿಸುವುದು ಬೇಡ.

ವಾಟ್ಸಾಪ್ ಬರ್ತಿದೆ, ಇಂಟರ್‌ನೆಟ್ ಇದೆ. ಮೇಲ್ ಮಾತ್ರ ಯಾಕೆ ತೆರೆಯಲ್ಲ?

ವಾಟ್ಸಾಪ್‌ನ ಒಂದು ಸಂದೇಶಕ್ಕೆ ಬೇಕಾಗುವ ಡೇಟಾ ತೀರಾ ಕಡಿಮೆ. ಜಿಮೇಲ್‌ನಂಥ ಪುಟವಾದರೋ ಮೊದಲ ಪತ್ರ ತೋರಿಸುವ ಮುನ್ನವೇ ಹಲವು ಮೆಗಾಬೈಟ್‌ಗಳಷ್ಟು ಜಾವಾಸ್ಕ್ರಿಪ್ಟ್ ಕಡತಗಳನ್ನು ಇಳಿಸಿಕೊಳ್ಳಬೇಕಾಗುತ್ತದೆ. ಹಲವು ಮೊಬೈಲ್ ಪ್ಯಾಕ್‌ಗಳಲ್ಲಿ ದಿನದ ಡೇಟಾ ಮುಗಿದ ಮೇಲೆ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಆ ವೇಗದಲ್ಲಿ ಒಂದು ಮೆಗಾಬೈಟ್ ಇಳಿಯಲು ಎರಡು ನಿಮಿಷಕ್ಕಿಂತ ಹೆಚ್ಚು ಬೇಕು. ಅಷ್ಟರಲ್ಲಿ ಪುಟ ತಾನೇ ಸೋತು ನಿಲ್ಲುತ್ತದೆ. ಸಂಜೆಯ ಹೊತ್ತಿಗೆ ಮಾತ್ರ ಮೇಲ್ ತೆರೆಯುವುದಿಲ್ಲ ಎನ್ನುವವರು ಮೊದಲು ದಿನದ ಡೇಟಾ ಎಷ್ಟು ಉಳಿದಿದೆ ಎಂದು ನೋಡಬೇಕು.

ನಿಧಾನ ಸಂಪರ್ಕದವರಿಗೆ ಹಿಂದೆ ಜಿಮೇಲ್‌ನ ಬೇಸಿಕ್ ಎಚ್‌ಟಿಎಂಎಲ್ ಎಂಬ ಸರಳ, ಹಗುರ ನೋಟ ದೊಡ್ಡ ಆಸರೆಯಾಗಿತ್ತು. ಗೂಗಲ್ 2024ರ ಆರಂಭದಲ್ಲಿ ಅದನ್ನು ನಿಲ್ಲಿಸಿತು. ಹಳ್ಳಿಗಾಡಿನಲ್ಲಿ, ಸಿಗ್ನಲ್ ಕ್ಷೀಣವಾಗಿರುವ ಮಲೆನಾಡಿನ ಮೂಲೆಗಳಲ್ಲಿ ಅದನ್ನು ನೆಚ್ಚಿಕೊಂಡಿದ್ದವರಿಗೆ ಇದು ನಿಜವಾದ ನಷ್ಟ ಎಂದೇ ನನ್ನ ಅಭಿಪ್ರಾಯ. ಹಳೆಯ ಲೇಖನಗಳು ಇಂದಿಗೂ ಆ ಕೊಂಡಿಯನ್ನು ಸೂಚಿಸುತ್ತವೆ. ಅದರಿಂದ ಈಗ ಪ್ರಯೋಜನವಿಲ್ಲ. ಅಂಥ ಕಡೆ ಬ್ರೌಸರ್‌ಗಿಂತ ಮೊಬೈಲಿನ ಮೇಲ್ ಆ್ಯಪ್ ಅಥವಾ ಥಂಡರ್‌ಬರ್ಡ್‌ನಂಥ ತಂತ್ರಾಂಶ ಮೇಲು.

ಅರ್ಜಿ ಕಳಿಸೋಕೆ ಇವತ್ತೇ ಕೊನೆ ದಿನ. ರಿಪೇರಿ ಆಮೇಲೆ ನೋಡ್ತೀನಿ, ಈಗ ಏನು ಮಾಡಲಿ?

ಬ್ರೌಸರ್ ಅನ್ನು ಹಾಗೆಯೇ ಬಿಟ್ಟು ಮೊಬೈಲಿನ ಜಿಮೇಲ್ ಆ್ಯಪ್‌ನಿಂದ ಕಳಿಸಿ. ಕಡತ ಕಂಪ್ಯೂಟರಿನಲ್ಲಿದ್ದರೆ ಯುಎಸ್‌ಬಿ ಕೇಬಲ್ ಮೂಲಕ ಮೊಬೈಲಿಗೆ ನಕಲಿಸಿಕೊಳ್ಳಬಹುದು. ಮೊಬೈಲ್‌ನಲ್ಲಿ ಖಾತೆ ಇಲ್ಲದಿದ್ದರೆ ಕಂಪ್ಯೂಟರಿನಲ್ಲೇ ಬೇರೊಂದು ಬ್ರೌಸರ್ ಬಳಸಿ. ವಿಂಡೋಸ್ 10 ಮತ್ತು 11ರಲ್ಲಿ ಎಡ್ಜ್ ಸಾಮಾನ್ಯವಾಗಿ ಮೊದಲೇ ಇರುತ್ತದೆ. ಸೈಬರ್ ಸೆಂಟರ್‌ಗೆ ಹೋಗುವುದಾದರೆ ಇನ್‌ಕಾಗ್ನಿಟೋ ವಿಂಡೋದಲ್ಲಿಯೇ ಲಾಗಿನ್ ಆಗಿ, ಪಾಸ್‌ವರ್ಡ್ ಉಳಿಸಲೇ ಎಂದು ಕೇಳಿದರೆ ಬೇಡ ಎಂದು, ಕೆಲಸ ಮುಗಿದ ಮೇಲೆ ಲಾಗ್‌ಔಟ್ ಮಾಡಿ, ಡೌನ್‌ಲೋಡ್ ಫೋಲ್ಡರ್‌ನಲ್ಲಿ ಉಳಿದ ನಿಮ್ಮ ಕಡತವನ್ನೂ ತೆಗೆದುಹಾಕಿ ಬನ್ನಿ.

ಗೂಗಲ್‌ನಲ್ಲಿ ಹುಡುಕಿದಾಗ ಜಿಮೇಲ್ ಕಸ್ಟಮರ್ ಕೇರ್ ನಂಬರ್ ಸಿಕ್ಕಿತು. ಫೋನ್ ಮಾಡಬಹುದಾ?

ದಯವಿಟ್ಟು ಮಾಡಬೇಡಿ. ಉಚಿತ ಜಿಮೇಲ್ ಖಾತೆಗೆ ಫೋನಿನ ಮೂಲಕ ನೆರವು ನೀಡುವ ಸೇವೆಯನ್ನು ಗೂಗಲ್ ಇಟ್ಟಿಲ್ಲ. ಆ ಸಂಖ್ಯೆಗಳ ಹಿಂದಿರುವವರು ದೂರದಿಂದ ಪರದೆ ನೋಡುವ ಆ್ಯಪ್ ಹಾಕಿಸಿಕೊಳ್ಳುತ್ತಾರೆ, ಒಟಿಪಿ ಕೇಳುತ್ತಾರೆ, ಮೇಲ್ ಸರಿಪಡಿಸಲು ಹತ್ತು ರೂಪಾಯಿ ಕಳಿಸಿ ಎಂದು ಹೇಳಿ ಬ್ಯಾಂಕ್ ಖಾತೆಯನ್ನೇ ಬರಿದು ಮಾಡುತ್ತಾರೆ. ಈಗಾಗಲೇ ಫೋನ್ ಮಾಡಿ ಹಣ ಕಳೆದುಕೊಂಡಿದ್ದರೆ ತಡಮಾಡದೆ 1930 ಸಂಖ್ಯೆಗೆ ಕರೆಮಾಡಿ ದೂರು ಕೊಡಿ. ಮೊದಲ ಕೆಲವು ಗಂಟೆಗಳಲ್ಲಿ ದೂರು ದಾಖಲಾದರೆ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು. ಜೊತೆಗೆ ಬೇರೊಂದು ಸಾಧನದಿಂದ ಮೇಲ್‌ನ ಪಾಸ್‌ವರ್ಡ್ ಬದಲಿಸಿ.

## ಬ್ರೌಸರ್‌ನೊಳಗಿನ ದೋಷಗಳು

ಹಾರ್ಡ್ ರಿಫ್ರೆಶ್ ಮಾಡಿ ಅಂತಾರೆ. ಅದಕ್ಕೂ ಮಾಮೂಲಿ ರಿಫ್ರೆಶ್‌ಗೂ ಏನು ವ್ಯತ್ಯಾಸ?

ಮಾಮೂಲಿ ರಿಫ್ರೆಶ್‌ನಲ್ಲಿ ಬ್ರೌಸರ್ ತಾನು ಈ ಮೊದಲೇ ಇಳಿಸಿಟ್ಟುಕೊಂಡ ಕಡತಗಳನ್ನು ಮತ್ತೆ ಬಳಸಬಹುದು. ಕಂಟ್ರೋಲ್, ಶಿಫ್ಟ್, ಆರ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಆ ಸಂಗ್ರಹವನ್ನು ಬದಿಗಿಟ್ಟು ಎಲ್ಲವನ್ನೂ ಸರ್ವರ್‌ನಿಂದ ಹೊಸದಾಗಿ ತರಿಸಿಕೊಳ್ಳುತ್ತದೆ. ಇಳಿಸುವಾಗ ಅರ್ಧಕ್ಕೆ ನಿಂತು ಕೆಟ್ಟ ಕಡತವೇ ಕಾರಣವಾಗಿದ್ದರೆ ಇಷ್ಟರಿಂದಲೇ ಸರಿಹೋಗುತ್ತದೆ. ಏನನ್ನೂ ಕಳೆದುಕೊಳ್ಳದೆ ಮಾಡಬಹುದಾದ ಕೆಲಸವಾದ್ದರಿಂದ ಇದನ್ನು ಮೊದಲು ಮಾಡಿ.

ಇನ್‌ಕಾಗ್ನಿಟೋದಲ್ಲಿ ತೆರೆಯುತ್ತೆ, ಮಾಮೂಲಿ ವಿಂಡೋದಲ್ಲಿ ಬಿಳಿ ಪುಟ ಮಾತ್ರ. ಇದಕ್ಕೇನರ್ಥ?

ಇನ್‌ಕಾಗ್ನಿಟೋ ವಿಂಡೋ ಹಳೆಯ ಕುಕಿಗಳನ್ನೂ (ಲಾಗಿನ್ ನೆನಪಿಡುವ ಚಿಕ್ಕ ಕಡತಗಳು) ಕ್ಯಾಶೆಯನ್ನೂ (ಇಳಿಸಿಟ್ಟುಕೊಂಡ ಪುಟದ ಕಡತಗಳು) ಬಳಸದೆ ಶುರುವಾಗುತ್ತದೆ, ಮತ್ತು ನೀವು ಪ್ರತ್ಯೇಕವಾಗಿ ಅನುಮತಿ ಕೊಡದ ಹೊರತು ಎಕ್ಸ್‌ಟೆನ್ಷನ್‌ಗಳು ಅದರಲ್ಲಿ ಕೆಲಸ ಮಾಡುವುದಿಲ್ಲ. ಆದ್ದರಿಂದ ಕಾರಣ ಎರಡರಲ್ಲಿ ಒಂದು: ಕೂಡಿಟ್ಟ ಕಡತ, ಇಲ್ಲವೇ ಎಕ್ಸ್‌ಟೆನ್ಷನ್.

ಎಕ್ಸ್‌ಟೆನ್ಷನ್‌ಗಳನ್ನೇ ಮೊದಲು ನೋಡಿ, ಏಕೆಂದರೆ ಅವನ್ನು ಆರಿಸಿ ಮತ್ತೆ ಹೊತ್ತಿಸುವುದರಿಂದ ಏನೂ ನಷ್ಟವಾಗುವುದಿಲ್ಲ. ಕ್ರೋಮ್‌ನ ಬಲ ಮೂಲೆಯ ಮೂರು ಚುಕ್ಕಿಗಳ ಮೆನುವಿನಲ್ಲಿ ಎಕ್ಸ್‌ಟೆನ್ಷನ್ಸ್, ಅದರೊಳಗೆ ಮ್ಯಾನೇಜ್ ಎಕ್ಸ್‌ಟೆನ್ಷನ್ಸ್ ಎಂಬುದನ್ನು ಆರಿಸಿದರೆ ಪಟ್ಟಿ ಬರುತ್ತದೆ. ಎಲ್ಲವನ್ನೂ ಆಫ್ ಮಾಡಿ ಮೇಲ್ ಪುಟವನ್ನು ಮತ್ತೆ ತೆರೆಯಿರಿ. ತೆರೆದರೆ, ಅರ್ಧದಷ್ಟನ್ನು ಆನ್ ಮಾಡಿ ಪರೀಕ್ಷಿಸಿ. ಮತ್ತೆ ಕೆಟ್ಟರೆ ಅಪರಾಧಿ ಆ ಅರ್ಧದಲ್ಲಿದೆ, ಕೆಡದಿದ್ದರೆ ಉಳಿದರ್ಧದಲ್ಲಿದೆ. ಹೀಗೆ ಅರ್ಧ ಅರ್ಧ ಮಾಡುತ್ತ ಹೋದರೆ ಹದಿನಾರು ಎಕ್ಸ್‌ಟೆನ್ಷನ್‌ಗಳಿದ್ದರೂ ನಾಲ್ಕೇ ಪರೀಕ್ಷೆಯಲ್ಲಿ ಉತ್ತರ ಸಿಗುತ್ತದೆ. ಜಾಹೀರಾತು ತಡೆಯುವವು, ಪತ್ರ ಓದಿದ್ದನ್ನು ಪತ್ತೆಹಚ್ಚುವವು, ವ್ಯಾಕರಣ ತಿದ್ದುವವು ಮತ್ತು ಪುಟವನ್ನು ಕಪ್ಪು ಹಿನ್ನೆಲೆಗೆ ತಿರುಗಿಸುವವು ಮೇಲ್ ಪುಟದ ಒಳಗೇ ಕೈಯಾಡಿಸುವಂಥವು. ಇವನ್ನು ಮೊದಲು ಸಂಶಯಿಸಿ. ಜಾಹೀರಾತು ತಡೆಯುವ ಎಕ್ಸ್‌ಟೆನ್ಷನ್ ಕಾರಣವೆಂದು ಗೊತ್ತಾದರೆ ಅದನ್ನು ತೆಗೆದುಹಾಕಬೇಕಿಲ್ಲ, ಮೇಲ್ ತಾಣಕ್ಕೆ ಮಾತ್ರ ವಿನಾಯಿತಿ ಕೊಟ್ಟರೆ ಸಾಕು.

ಎಕ್ಸ್‌ಟೆನ್ಷನ್ ಯಾವುದೂ ಕಾರಣವಲ್ಲವೆಂದಾದ ಮೇಲೆ ಕೂಡಿಟ್ಟ ಕಡತಗಳತ್ತ ಹೋಗಿ. ಅದಕ್ಕೂ ಮುನ್ನ ಮುಂದಿನ ಉತ್ತರವನ್ನು ಪೂರ್ತಿಯಾಗಿ ಓದಿ.

ಕ್ಯಾಶೆ, ಕುಕಿ ಎಲ್ಲ ಡಿಲೀಟ್ ಮಾಡಿ ಅಂದ್ರು. ನನ್ನ ಮೇಲ್‌ಗಳೂ ಹೋಗಿಬಿಡ್ತವಾ?

ಹೋಗುವುದಿಲ್ಲ. ನಿಮಗೆ ಬಂದಿರುವ ಪತ್ರಗಳು ಮೇಲ್ ಸರ್ವರ್‌ನಲ್ಲಿವೆ, ಬ್ರೌಸರ್‌ನಲ್ಲಿಲ್ಲ. ಇದಕ್ಕೊಂದು ಅಪವಾದವಿದೆ: ಜಿಮೇಲ್‌ನ ಆಫ್‌ಲೈನ್ ಸೌಲಭ್ಯವನ್ನು ಆನ್ ಮಾಡಿಕೊಂಡು, ಸಂಪರ್ಕವಿಲ್ಲದಾಗ ಬರೆದು ಇನ್ನೂ ಹೋಗದೆ ಔಟ್‌ಬಾಕ್ಸ್‌ನಲ್ಲಿ ಉಳಿದ ಪತ್ರಗಳು ಬ್ರೌಸರ್‌ನಲ್ಲಿಯೇ ಇರುತ್ತವೆ, ಮತ್ತು ಅಳಿಸಿದರೆ ಅವು ಹೋಗುತ್ತವೆ.

ನಿಜವಾದ ಅಪಾಯ ಬೇರೆಡೆ ಇದೆ. ಕುಕಿ ಅಳಿಸಿದ ಕೂಡಲೇ ಲಾಗಿನ್ ಕಳಚಿಹೋಗುತ್ತದೆ. ವರ್ಷಗಟ್ಟಲೆ ಅದೇ ಕಂಪ್ಯೂಟರಿನಲ್ಲಿ ಲಾಗಿನ್ ಆಗಿಯೇ ಇದ್ದು ಪಾಸ್‌ವರ್ಡ್ ಮರೆತವರು, ಖಾತೆಗೆ ಕೊಟ್ಟ ಮೊಬೈಲ್ ಸಂಖ್ಯೆಯನ್ನು ಬಿಟ್ಟುಬಿಟ್ಟವರು, ವಿದೇಶದಲ್ಲಿದ್ದು ಊರಿನ ಸಿಮ್ ರೀಚಾರ್ಜ್ ಇಲ್ಲದೆ ನಿಂತುಹೋದವರು, ಹೀಗೆ ಒಮ್ಮೆ ಹೊರಬಿದ್ದರೆ ಮತ್ತೆ ಒಳಗೆ ಹೋಗಲು ಒದ್ದಾಡುತ್ತಾರೆ. ಕೆಲವರಿಗೆ ಖಾತೆ ಶಾಶ್ವತವಾಗಿ ಕೈತಪ್ಪುತ್ತದೆ. ವಯಸ್ಸಾದ ತಂದೆತಾಯಿಯರ ಕಂಪ್ಯೂಟರ್ ಸರಿಪಡಿಸಲು ಕೂತ ಮಕ್ಕಳು ಇದನ್ನು ವಿಶೇಷವಾಗಿ ಗಮನಿಸಬೇಕು. ಆದ್ದರಿಂದ ಅಳಿಸುವ ಮುನ್ನ ಪಾಸ್‌ವರ್ಡ್ ನೆನಪಿದೆಯೇ, ಒಟಿಪಿ ಬರುವ ಸಂಖ್ಯೆ ಕೈಯಲ್ಲಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಎರಡು ಹಂತದ ಪರಿಶೀಲನೆ ಬಳಸುವವರು, ಖಾತೆ ಇನ್ನೂ ಯಾವುದಾದರೂ ಸಾಧನದಲ್ಲಿ ತೆರೆದಿರುವಾಗಲೇ ಗೂಗಲ್ ಖಾತೆಯ ಭದ್ರತಾ ವಿಭಾಗದಿಂದ ಬ್ಯಾಕಪ್ ಕೋಡ್‌ಗಳನ್ನು ಪಡೆದು ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು. ಒಂದು ಸಲಕ್ಕೆ 8 ಅಂಕಿಗಳ 10 ಕೋಡ್ ಸಿಗುತ್ತವೆ, ಒಂದೊಂದೂ ಒಮ್ಮೆ ಮಾತ್ರ ನಡೆಯುತ್ತದೆ.

ಅಳಿಸುವಾಗಲೂ ಎರಡು ಮೆಟ್ಟಿಲು ಮಾಡಿಕೊಳ್ಳಿ. ಮೊದಲು ಕಂಟ್ರೋಲ್, ಶಿಫ್ಟ್, ಡಿಲೀಟ್ ಕೀಲಿಗಳನ್ನು ಒತ್ತಿ, ಕ್ಯಾಶ್ಡ್ ಇಮೇಜಸ್ ಆ್ಯಂಡ್ ಫೈಲ್ಸ್ ಎಂಬುದಕ್ಕೆ ಮಾತ್ರ ಗುರುತು ಹಾಕಿ ಅಳಿಸಿ. ಇದರಿಂದ ಲಾಗಿನ್ ಹೋಗುವುದಿಲ್ಲ. ಅದರಿಂದ ಸರಿಹೋಗದಿದ್ದರೆ, ಮೇಲ್ ಪುಟದ ವಿಳಾಸದ ಎಡಕ್ಕಿರುವ ಚಿಕ್ಕ ಗುರುತನ್ನು ಒತ್ತಿ, ಕುಕೀಸ್ ಆ್ಯಂಡ್ ಸೈಟ್ ಡೇಟಾ ಎಂಬಲ್ಲಿಂದ ಆ ತಾಣದ ಕಡತಗಳನ್ನು ಮಾತ್ರ ಅಳಿಸಿ. ಇಡೀ ಬ್ರೌಸರ್‌ನ ಕುಕಿಗಳನ್ನು ಒರೆಸಿಹಾಕುವ ಅಗತ್ಯ ತೀರಾ ವಿರಳ.

ಪಾಸ್‌ವರ್ಡ್ ಸರಿಯಾಗೇ ಕೊಡ್ತೀನಿ, ಆದರೆ ಮತ್ತೆ ಮತ್ತೆ ಲಾಗಿನ್ ಪುಟಕ್ಕೇ ಬರುತ್ತೆ.

ಲಾಗಿನ್ ಆದ ಕೂಡಲೇ ಸರ್ವರ್ ನಿಮ್ಮ ಬ್ರೌಸರ್‌ಗೆ ಒಂದು ಕುಕಿ ಕೊಡುತ್ತದೆ. ದೇವಸ್ಥಾನದಲ್ಲಿ ಚಪ್ಪಲಿ ಬಿಟ್ಟಾಗ ಕೊಡುವ ಟೋಕನ್‌ನಂತೆ, ಅದನ್ನು ತೋರಿಸಿದರೆ ಮಾತ್ರ ಮುಂದಿನ ಪುಟ ನಿಮ್ಮನ್ನು ಗುರುತಿಸುತ್ತದೆ. ಬ್ರೌಸರ್ ಆ ಕುಕಿಯನ್ನು ಉಳಿಸಿಕೊಳ್ಳದಿದ್ದರೆ ಸರ್ವರ್ ನಿಮ್ಮನ್ನು ಹೊಸಬರೆಂದೇ ತಿಳಿದು ಮತ್ತೆ ಲಾಗಿನ್‌ಗೆ ಕಳಿಸುತ್ತದೆ. ಕೆಲವೊಮ್ಮೆ ಇದೇ ಸುತ್ತಾಟ ಟೂ ಮೆನಿ ರೀಡೈರೆಕ್ಟ್ಸ್ ಎಂಬ ಸಂದೇಶವಾಗಿ ಕಾಣಿಸುತ್ತದೆ.

ಬ್ರೌಸರ್‌ನ ಪ್ರೈವಸಿ ಸೆಟ್ಟಿಂಗ್‌ನಲ್ಲಿ ಎಲ್ಲ ಕುಕಿಗಳನ್ನೂ ತಡೆಹಿಡಿಯಲಾಗಿದೆಯೇ, ಕಂಪ್ಯೂಟರ್ ಸ್ವಚ್ಛಗೊಳಿಸುವ ಯಾವುದಾದರೂ ತಂತ್ರಾಂಶ ಅವನ್ನು ಆಗಾಗ ಅಳಿಸುತ್ತಿದೆಯೇ ಎಂದು ನೋಡಿ. ಒಂದಕ್ಕಿಂತ ಹೆಚ್ಚು ಜಿಮೇಲ್ ಖಾತೆ ಇರುವವರು ಬುಕ್‌ಮಾರ್ಕನ್ನೂ ಪರೀಕ್ಷಿಸಬೇಕು. ಬ್ರೌಸರ್‌ನ ಮೇಲ್ಭಾಗದಲ್ಲಿ ಕಾಣುವ ಜಿಮೇಲ್ ಪುಟದ ವಿಳಾಸದಲ್ಲಿ ಯು ಅಕ್ಷರದ ನಂತರ 0, 1, 2 ಎಂಬ ಅಂಕಿ ಇರುತ್ತದೆ. ಅದು ಖಾತೆಗಳಿಗೆ ಲಾಗಿನ್ ಆದ ಸರದಿಯನ್ನು ಸೂಚಿಸುತ್ತದೆ. ಎರಡನೆಯ ಖಾತೆಯ ಪುಟವನ್ನು ಬುಕ್‌ಮಾರ್ಕ್ ಮಾಡಿಟ್ಟು, ಆಮೇಲೆ ಒಂದೇ ಖಾತೆಗೆ ಲಾಗಿನ್ ಆದರೆ, ಆ ಬುಕ್‌ಮಾರ್ಕ್ ಇಲ್ಲದ ಖಾತೆಯನ್ನು ಹುಡುಕುತ್ತದೆ. ಅದನ್ನು ಬಿಟ್ಟು, ಜಿಮೇಲ್ ಡಾಟ್ ಕಾಮ್ ಎಂದು ಟೈಪ್ ಮಾಡಿಯೇ ಒಳಹೋಗಿ.

ಪುಟ ಬಂದ ಹಾಗೆ ಕಾಣುತ್ತೆ, ಆದರೆ ಕಪ್ಪಾಗುತ್ತೆ, ಮಿನುಗುತ್ತೆ, ಪತ್ರ ಕಾಣಲ್ಲ.

ಇದು ಹೆಚ್ಚಾಗಿ ಗ್ರಾಫಿಕ್ಸ್ ಚಾಲಕ ತಂತ್ರಾಂಶದ ತೊಂದರೆ. ಕ್ರೋಮ್‌ನ ಸೆಟ್ಟಿಂಗ್ಸ್, ಸಿಸ್ಟಮ್ ವಿಭಾಗದಲ್ಲಿ ಗ್ರಾಫಿಕ್ಸ್ ಆ್ಯಕ್ಸಲರೇಷನ್ ಎಂಬುದನ್ನು ಆಫ್ ಮಾಡಿ ಬ್ರೌಸರ್ ಮುಚ್ಚಿ ತೆರೆಯಿರಿ.

ನಮ್ಮ ಸಂಘದ ಕಂಪ್ಯೂಟರ್ ವಿಂಡೋಸ್ 7. ಹೋದ ವರ್ಷದವರೆಗೂ ಮೇಲ್ ಚೆನ್ನಾಗಿ ಬರ್ತಿತ್ತು.

ಕಂಪ್ಯೂಟರ್ ಬದಲಾಗಿಲ್ಲ, ಮೇಲ್ ಪುಟ ಬದಲಾಗಿದೆ. ಜಿಮೇಲ್ ಪೂರ್ಣ ಬೆಂಬಲ ಕೊಡುವುದು ಬ್ರೌಸರ್‌ಗಳ ಇತ್ತೀಚಿನ ಆವೃತ್ತಿಗಳಿಗೆ ಮಾತ್ರ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2020ರ ಜನವರಿ 14ರಂದು ಮುಗಿಯಿತು. ಅದರ ಮೇಲೆ ನಡೆಯುವ ಕೊನೆಯ ಕ್ರೋಮ್ ಆವೃತ್ತಿ 109, ಫೈರ್‌ಫಾಕ್ಸ್‌ನಲ್ಲಿ 115ರ ದೀರ್ಘಾವಧಿ ಆವೃತ್ತಿ. ಇಂಟರ್‌ನೆಟ್ ಎಕ್ಸ್‌ಪ್ಲೋರರ್ 11 ಅನ್ನು 2022ರ ಜೂನ್‌ನಲ್ಲಿ ಮೈಕ್ರೋಸಾಫ್ಟ್ ನಿಲ್ಲಿಸಿದೆ.

ತಾತ್ಕಾಲಿಕವಾಗಿ ಫೈರ್‌ಫಾಕ್ಸ್ 115 ಹಾಕಿಕೊಳ್ಳಬಹುದು. ಆದರೆ ಸದಸ್ಯರ ಹಣಕಾಸಿನ ವಿವರ ಇರುವ ಕಂಪ್ಯೂಟರಿನಲ್ಲಿ ಇದನ್ನು ಬಹುಕಾಲ ಮುಂದುವರಿಸುವುದು ಸರಿಯಲ್ಲ. ಹೊಸ ಯಂತ್ರಕ್ಕೆ ಹಣವಿಲ್ಲದಿದ್ದರೆ, 4 ಜಿಬಿ ರ‍್ಯಾಮ್ ಇರುವ ಹಳೆಯ ಯಂತ್ರದ ಮೇಲೆ ಲಿನಕ್ಸ್ ಮಿಂಟ್‌ನಂಥ ಉಚಿತ ವ್ಯವಸ್ಥೆ ಹಾಕಿಸಿದರೆ ಇಂದಿನ ಫೈರ್‌ಫಾಕ್ಸ್ ಅದರಲ್ಲಿ ನಡೆಯುತ್ತದೆ. ಹಾಕಿಸುವ ಮುನ್ನ ಕಡತಗಳನ್ನೆಲ್ಲ ಬೇರೆಡೆ ನಕಲಿಸಿಡಿ, ಮತ್ತು ಲೆಕ್ಕಪತ್ರದ ತಂತ್ರಾಂಶ ವಿಂಡೋಸ್‌ನಲ್ಲಿ ಮಾತ್ರ ನಡೆಯುವಂಥದ್ದೇ ಎಂದು ವಿಚಾರಿಸಿಕೊಳ್ಳಿ.

## ಎಚ್ಚರಿಕೆಯ ಪುಟಗಳು ಮತ್ತು ಸಂಖ್ಯೆಗಳು

ಯುವರ್ ಕನೆಕ್ಷನ್ ಈಸ್ ನಾಟ್ ಪ್ರೈವೇಟ್ ಅಂತ ಬರುತ್ತೆ. ಯಾರಾದರೂ ಹ್ಯಾಕ್ ಮಾಡಿದ್ದಾರಾ?

ಮೊದಲು ಪರದೆಯ ಬಲ ಮೂಲೆಯಲ್ಲಿರುವ ದಿನಾಂಕವನ್ನು ನೋಡಿ. ಸುರಕ್ಷಿತ ತಾಣಗಳಿಗೆ, ತಾಣ ಅಸಲಿಯೆಂದು ಸಾರುವ ಪ್ರಮಾಣಪತ್ರವೊಂದು ಇರುತ್ತದೆ. ಅದಕ್ಕೆ ಆರಂಭದ ಮತ್ತು ಅಂತ್ಯದ ದಿನಾಂಕಗಳಿರುತ್ತವೆ, ಬ್ರೌಸರ್ ಅವನ್ನು ನಿಮ್ಮ ಕಂಪ್ಯೂಟರಿನ ಗಡಿಯಾರದೊಂದಿಗೆ ಹೋಲಿಸುತ್ತದೆ. ಹಳೆಯ ಡೆಸ್ಕ್‌ಟಾಪ್‌ಗಳ ಮದರ್‌ಬೋರ್ಡ್‌ನಲ್ಲಿರುವ ಸಿಆರ್ 2032 ಎಂಬ ನಾಣ್ಯದಂಥ ಬ್ಯಾಟರಿ ಮುಗಿದಾಗ, ಕರೆಂಟ್ ಹೋಗಿ ಬಂದಾಗಲೆಲ್ಲ ದಿನಾಂಕ ಹಲವು ವರ್ಷ ಹಿಂದಕ್ಕೆ ಓಡುತ್ತದೆ. ಆಗ ಇಂದಿನ ಪ್ರಮಾಣಪತ್ರಗಳೆಲ್ಲ ಇನ್ನೂ ಜಾರಿಗೆ ಬಂದಿಲ್ಲವೆಂದು ಬ್ರೌಸರ್ ನಿರಾಕರಿಸುತ್ತದೆ. ದಿನಾಂಕ ಸರಿಪಡಿಸಿದರೆ ಮೇಲ್ ಬರುತ್ತದೆ. ಕಡಿಮೆ ಬೆಲೆಯ ಆ ಬ್ಯಾಟರಿ ಬದಲಿಸಿದರೆ ಮತ್ತೆ ಹಾಗಾಗುವುದಿಲ್ಲ.

ದಿನಾಂಕ ಸರಿಯಿದ್ದೂ ಎಚ್ಚರಿಕೆ ಬಂದರೆ ಇನ್ನೆರಡು ಕಾರಣಗಳನ್ನು ನೋಡಬೇಕು. ಕೆಲವು ಆಂಟಿವೈರಸ್‌ಗಳು ಸುರಕ್ಷಿತ ಸಂಪರ್ಕದ ನಡುವೆ ನಿಂತು ತಮ್ಮದೇ ಪ್ರಮಾಣಪತ್ರ ತೋರಿಸುತ್ತವೆ. ಅವುಗಳಲ್ಲಿ ಎಚ್‌ಟಿಟಿಪಿಎಸ್ (ಅಂದರೆ ಸುರಕ್ಷಿತ ಸಂಪರ್ಕ) ಸ್ಕ್ಯಾನಿಂಗ್ ಎಂಬುದನ್ನು ಸ್ವಲ್ಪ ಹೊತ್ತು ಆಫ್ ಮಾಡಿ ಪರೀಕ್ಷಿಸಿ. ಎರಡನೆಯದು, ವರ್ಷಗಳಿಂದ ಅಪ್‌ಡೇಟ್ ಆಗದ ಯಂತ್ರ. 2021ರ ಸೆಪ್ಟೆಂಬರ್ 30ರಂದು ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಪ್ರಮಾಣಪತ್ರಗಳಿಗೆ ಆಧಾರವಾಗಿದ್ದ ಒಂದು ಹಳೆಯ ಮೂಲ ಪ್ರಮಾಣಪತ್ರದ ಅವಧಿ ಮುಗಿದಾಗ, ಹಳೆಯ ಮ್ಯಾಕ್‌ಗಳಲ್ಲೂ ಅಪ್‌ಡೇಟ್ ಇಲ್ಲದ ಕಂಪ್ಯೂಟರ್‌ಗಳಲ್ಲೂ ಅನೇಕ ತಾಣಗಳು ಒಮ್ಮೆಲೇ ತೆರೆಯದಾದವು.

ಜಿಮೇಲ್‌ನಲ್ಲಿ ಈ ಎಚ್ಚರಿಕೆಯನ್ನು ದಾಟಿ ಹೋಗಲು ಬ್ರೌಸರ್ ಬಿಡುವುದಿಲ್ಲ, ಮತ್ತು ಅದು ಸರಿಯಾದದ್ದೇ. ದಾಟಿ ಹೋಗಲು ಬಿಡುವ ಬೇರೆ ವೆಬ್‌ಮೇಲ್‌ಗಳಲ್ಲಿಯೂ ಪಾಸ್‌ವರ್ಡ್ ಕೊಡುವ ಮುನ್ನ ನಿಲ್ಲಿ.

ರೈಲ್ವೆ ಸ್ಟೇಷನ್ ವೈಫೈ ಸಿಕ್ಕಿದೆ ಅಂತ ತೋರಿಸುತ್ತೆ, ಮೇಲ್ ತೆರೆಯಲ್ಲ.

ಅಂಥ ವೈಫೈಗೆ ಜೋಡಣೆಯಾದ ಮೇಲೆ ಒಂದು ಒಪ್ಪಿಗೆಯ ಪುಟ ಬರಬೇಕು. ರೈಲ್‌ಟೆಲ್‌ನ ರೈಲ್‌ವೈರ್ ಆಗಿದ್ದರೆ ಅಲ್ಲಿ ಮೊಬೈಲ್ ಸಂಖ್ಯೆ ಕೊಟ್ಟು ಒಟಿಪಿ ತುಂಬಬೇಕು. ನೀವು ನೇರವಾಗಿ ಜಿಮೇಲ್ ತೆರೆದರೆ, ಸುರಕ್ಷಿತ ಸಂಪರ್ಕದ ನಡುವೆ ಆ ಪುಟವನ್ನು ತೂರಿಸಲು ವೈಫೈಗೆ ಸಾಧ್ಯವಾಗುವುದಿಲ್ಲ, ಹಾಗಾಗಿ ಏನೂ ಕಾಣಿಸುವುದಿಲ್ಲ. ಎಚ್‌ಟಿಟಿಪಿಎಸ್ ಬಳಸದ ತಾಣವೊಂದನ್ನು ತೆರೆಯಿರಿ. ಇದಕ್ಕೆಂದೇ ನೆವರ್‌ಎಸ್‌ಎಸ್‌ಎಲ್ ಡಾಟ್ ಕಾಮ್ ಎಂಬ ತಾಣವಿದೆ. ಒಪ್ಪಿಗೆಯ ಪುಟ ತಾನಾಗಿ ಬರುತ್ತದೆ. ಹೋಟೆಲ್ ಮತ್ತು ವಿಮಾನ ನಿಲ್ದಾಣಗಳಲ್ಲಿಯೂ ಇದೇ ಉಪಾಯ.

400, 403, 502 ಅಂತ ಬೇರೆ ಬೇರೆ ನಂಬರ್ ಬರುತ್ತೆ. ಇವುಗಳ ಅರ್ಥ ಗೊತ್ತಿರಬೇಕಾ?

ಮೊದಲ ಅಂಕಿ ಗೊತ್ತಿದ್ದರೆ ಬಹುಪಾಲು ಸಾಕು. ಐದರಿಂದ ಶುರುವಾಗುವ 500, 502, 503, 504 ಸರ್ವರ್‌ನ ಕಡೆಯ ದೋಷಗಳು. ನಿಮ್ಮ ಕಂಪ್ಯೂಟರಿನಲ್ಲಿ ಏನನ್ನೂ ಬದಲಿಸಬೇಡಿ. ನಾಲ್ಕರಿಂದ ಶುರುವಾದರೆ ನೀವು ಕಳಿಸಿದ ಕೋರಿಕೆಯನ್ನು ಸರ್ವರ್ ಒಪ್ಪಿಲ್ಲ ಎಂದರ್ಥ. 404 ಬಂದರೆ ವಿಳಾಸ ತಪ್ಪಿರಬಹುದು, 403 ಬಂದರೆ ಪ್ರವೇಶ ತಡೆಯಲಾಗಿದೆ, 429 ಬಂದರೆ ತೀರಾ ಹೆಚ್ಚು ಸಲ ಯತ್ನಿಸಿದ್ದೀರಿ, ಸ್ವಲ್ಪ ಹೊತ್ತು ಬಿಡಿ. 400ರ ಜೊತೆಗೆ ಕುಕಿ ದೊಡ್ಡದಾಗಿದೆ ಎಂಬ ಮಾತಿದ್ದರೆ ಆ ತಾಣದ ಕುಕಿಗಳನ್ನು ಮಾತ್ರ ಅಳಿಸಿ.

## ಜಾಲದ ಕಡೆಯ ದೋಷಗಳು

ಡಿಎನ್‌ಎಸ್ ಪ್ರೋಬ್ ಅಂತೇನೋ ಬರುತ್ತೆ. ಡಿಎನ್‌ಎಸ್ ಬದಲಿಸಿ ಅಂತಾರೆ, ಸುರಕ್ಷಿತವಾ?

ತಾಣದ ಹೆಸರನ್ನು ಅದರ ಅಂಕಿಗಳ ವಿಳಾಸಕ್ಕೆ ತಿರುಗಿಸುವ ವ್ಯವಸ್ಥೆ ಡಿಎನ್‌ಎಸ್. ಸಾಮಾನ್ಯವಾಗಿ ಅದನ್ನು ಒದಗಿಸುವುದು ನಿಮ್ಮ ಇಂಟರ್‌ನೆಟ್ ಕಂಪನಿ. ಅದು ಕೈಕೊಟ್ಟರೆ ತಾಣ ಇಲ್ಲವೇ ಇಲ್ಲ ಎಂಬಂತೆ ಬ್ರೌಸರ್ ಹೇಳುತ್ತದೆ. ಗೂಗಲ್‌ನ 8.8.8.8 ಅಥವಾ ಕ್ಲೌಡ್‌ಫ್ಲೇರ್‌ನ 1.1.1.1 ಬಳಸುವುದರಲ್ಲಿ ಅಪಾಯವಿಲ್ಲ, ಆದರೆ ನೀವು ಯಾವ ತಾಣಗಳನ್ನು ಹುಡುಕುತ್ತೀರಿ ಎಂಬುದು ಆಗ ಆ ಕಂಪನಿಗೆ ತಿಳಿಯುತ್ತದೆ. ಕಚೇರಿಯ ಒಳಜಾಲದ ತಾಣಗಳು ಇದರಿಂದ ತೆರೆಯದೆ ಹೋಗಬಹುದಾದ್ದರಿಂದ ಅಲ್ಲಿ ಮಾತ್ರ ಕೇಳದೆ ಬದಲಿಸಬೇಡಿ. ಬದಲಿಸಿದ ನಂತರವೂ ಒಂದೇ ಕಂಪ್ಯೂಟರಿನಲ್ಲಿ ತೊಂದರೆ ಉಳಿದರೆ, ತಾಣದ ಹೆಸರಿಗೆ ವಿಳಾಸವನ್ನು ಕಂಪ್ಯೂಟರಿನಲ್ಲೇ ಬರೆದಿಡುವ ವಿಂಡೋಸ್‌ನ ಹೋಸ್ಟ್ಸ್ ಕಡತದಲ್ಲಿ ಮೇಲ್ ತಾಣದ ಹೆಸರನ್ನು ಯಾರಾದರೂ, ಅಥವಾ ಯಾವುದಾದರೂ ಕೆಟ್ಟ ತಂತ್ರಾಂಶ, ಸೇರಿಸಿದೆಯೇ ಎಂದು ನೋಡಬೇಕು.

ಕಾಲೇಜಿನ ವೆಬ್‌ಮೇಲ್ ಮನೆಯಲ್ಲಿ ತೆರೆಯುತ್ತೆ, ಕ್ಯಾಂಪಸ್ಸಿನಲ್ಲೇ ತೆರೆಯಲ್ಲ!

ಸಿಪ್ಯಾನೆಲ್ ಎಂಬ ನಿರ್ವಹಣಾ ತಂತ್ರಾಂಶ ಬಳಸುವ ಹೋಸ್ಟಿಂಗ್‌ನಲ್ಲಿ (ತಾಣಕ್ಕೂ ಮೇಲ್‌ಗೂ ಸರ್ವರ್ ಒದಗಿಸುವ ಸೇವೆ) ವೆಬ್‌ಮೇಲ್‌ನ ಸುರಕ್ಷಿತ ಪುಟ 2096 ಎಂಬ ಪೋರ್ಟ್‌ನಲ್ಲಿ, ಅಂದರೆ ಸರ್ವರ್‌ನ ಆ ಸಂಖ್ಯೆಯ ಬಾಗಿಲಲ್ಲಿ, ಇರುತ್ತದೆ. ಅನೇಕ ಸಂಸ್ಥೆಗಳ ಜಾಲವನ್ನು ಕಾಯುವ ಫೈರ್‌ವಾಲ್ ಮಾಮೂಲಿ ವೆಬ್‌ಗೆ ಬೇಕಾದ 80 ಮತ್ತು 443ನ್ನು ಬಿಟ್ಟು ಉಳಿದ ಪೋರ್ಟ್‌ಗಳನ್ನು ಮುಚ್ಚಿರುತ್ತದೆ. ವಿಳಾಸದ ಕೊನೆಯಲ್ಲಿ 2096 ಬರುವ ಕೊಂಡಿಯ ಬದಲು, ಡೊಮೈನ್ ಹೆಸರಿನ ಆರಂಭದಲ್ಲಿ ವೆಬ್‌ಮೇಲ್ ಮತ್ತು ಒಂದು ಡಾಟ್ ಸೇರಿಸಿ ಪ್ರಯತ್ನಿಸಿ. ಅದು 443ರ ಮೂಲಕವೇ ಒಳಹೋಗಬಹುದು. ಆಗದಿದ್ದರೆ ಫೈರ್‌ವಾಲ್ ನೋಡಿಕೊಳ್ಳುವವರಿಗೆ ಪೋರ್ಟ್ ಸಂಖ್ಯೆ ಸಮೇತ ಬರೆದು ಕೇಳಿ.

ಇನ್ನೊಂದು ಕಾರಣವನ್ನು ಪತ್ತೆಮಾಡುವುದು ಕಷ್ಟ, ಆದ್ದರಿಂದ ಬಿಡಿಸಿ ಹೇಳುತ್ತೇನೆ. ತಪ್ಪು ಪಾಸ್‌ವರ್ಡ್‌ನಿಂದ ಪದೇ ಪದೇ ಯತ್ನಿಸುವ ಐಪಿ ವಿಳಾಸವನ್ನು (ಜಾಲದಲ್ಲಿ ಒಂದು ಸಂಪರ್ಕವನ್ನು ಗುರುತಿಸುವ ಅಂಕಿಗಳು) ಸರ್ವರ್‌ಗಳು ತಾವಾಗಿ ತಡೆಹಿಡಿಯುತ್ತವೆ. ಕಚೇರಿಯಲ್ಲಿ ಎಲ್ಲರೂ ಒಂದೇ ಸಾರ್ವಜನಿಕ ಐಪಿ ವಿಳಾಸದಿಂದ ಹೊರಹೋಗುತ್ತಾರೆ. ಒಬ್ಬ ಸಿಬ್ಬಂದಿ ತನ್ನ ಮೇಲ್‌ನ ಪಾಸ್‌ವರ್ಡ್ ಬದಲಿಸಿ, ಮೊಬೈಲಿನ ಮೇಲ್ ಆ್ಯಪ್‌ನಲ್ಲಿ ಬದಲಿಸಲು ಮರೆತರೆ, ಜೇಬಿನಲ್ಲಿರುವ ಆ ಮೊಬೈಲ್ ಕಚೇರಿಯ ವೈಫೈ ಹಿಡಿದು ಕೆಲವು ನಿಮಿಷಕ್ಕೊಮ್ಮೆ ಹಳೆಯ ಪಾಸ್‌ವರ್ಡ್‌ನಿಂದ ಬಾಗಿಲು ತಟ್ಟುತ್ತಲೇ ಇರುತ್ತದೆ. ಕೊನೆಗೆ ಸರ್ವರ್ ಇಡೀ ಕಚೇರಿಯನ್ನೇ ಹೊರಗಿಡುತ್ತದೆ, ಎಲ್ಲರ ವೆಬ್‌ಮೇಲೂ ಒಟ್ಟಿಗೆ ನಿಲ್ಲುತ್ತದೆ, ಮನೆಗೆ ಹೋದರೆ ಎಲ್ಲರಿಗೂ ತೆರೆಯುತ್ತದೆ. ಹೋಸ್ಟಿಂಗ್‌ನವರಿಗೆ ಕಚೇರಿಯ ಐಪಿ ವಿಳಾಸ ಕೊಟ್ಟು ತಡೆ ತೆಗೆಸಿದರೆ ಅರ್ಧ ಕೆಲಸವಾಯಿತು. ಯಾವ ಖಾತೆಯಿಂದ ತಪ್ಪು ಯತ್ನಗಳು ಬರುತ್ತಿದ್ದವು ಎಂಬುದನ್ನು ದಾಖಲೆಯಿಂದ ತಿಳಿದು, ಆ ಮೊಬೈಲನ್ನು ಸರಿಪಡಿಸದಿದ್ದರೆ ಮರುದಿನ ಮತ್ತೆ ಅದೇ ಆಗುತ್ತದೆ.

ರೌಂಡ್‌ಕ್ಯೂಬ್ ಪುಟ ಬರುತ್ತೆ, ಲಾಗಿನ್ ಒತ್ತಿದರೆ ಕನೆಕ್ಷನ್ ಟು ಸ್ಟೋರೇಜ್ ಸರ್ವರ್ ಫೇಲ್ಡ್ ಅನ್ನುತ್ತೆ.

ಇಲ್ಲಿ ಬ್ರೌಸರ್ ನಿರಪರಾಧಿ. ರೌಂಡ್‌ಕ್ಯೂಬ್ ಎಂಬುದು ಪತ್ರಗಳನ್ನು ತೋರಿಸುವ ಮುಖ ಮಾತ್ರ. ಅವನ್ನು ಇಟ್ಟುಕೊಂಡಿರುವ ಐಮ್ಯಾಪ್ ಸರ್ವರ್ ಅದರ ಹಿಂದಿದೆ, ಮತ್ತು ಅದು ಉತ್ತರಿಸುತ್ತಿಲ್ಲ. ಹೋಸ್ಟಿಂಗ್ ಖಾತೆಯ ಜಾಗ ತುಂಬಿದೆಯೇ ಎಂದು ಮೊದಲು ನೋಡಿ. ಜಾಗ ಪೂರ್ತಿ ತುಂಬಿದಾಗ ಲಾಗಿನ್‌ಗೆ ಬೇಕಾದ ಚಿಕ್ಕ ಕಡತವನ್ನೂ ಬರೆಯಲಾಗದೆ, ಸೆಷನ್ ಮುಗಿದಿದೆ ಎಂಬ ಸಂಬಂಧವಿಲ್ಲದ ಸಂದೇಶವೂ ಬರಬಹುದು. ಜಾಗವಿದ್ದರೆ ಹೋಸ್ಟಿಂಗ್‌ನವರು ಐಮ್ಯಾಪ್ ಸೇವೆಯನ್ನು ಮತ್ತೆ ಶುರುಮಾಡಬೇಕು. ಪುಟವೇ ಬರದೆ ಜಾಹೀರಾತುಗಳ ಅಪರಿಚಿತ ಪುಟ ಬಂದರೆ ಡೊಮೈನ್ ನವೀಕರಣ ತಪ್ಪಿರಬಹುದು. ಅದನ್ನು ಆ ದಿನವೇ ವಿಚಾರಿಸಿ. ಬಹಳ ದಿನ ಬಿಟ್ಟರೆ ಹೆಸರು ಬೇರೆಯವರ ಪಾಲಾಗುತ್ತದೆ.

ವಿಪಿಎನ್ ಹಾಕಿದಾಗ ಸಣ್ಣ ಪುಟಗಳು ಬರ್ತವೆ, ಮೇಲ್ ಅರ್ಧಕ್ಕೇ ನಿಲ್ಲುತ್ತೆ.

ಇದು ಎಂಟಿಯು ದೋಷದ ಲಕ್ಷಣ. ಜಾಲದಲ್ಲಿ ಒಂದು ಸಲಕ್ಕೆ ಸಾಗುವ ಪೊಟ್ಟಣದ ಗರಿಷ್ಠ ಗಾತ್ರವೇ ಎಂಟಿಯು. ಅದು ಈಥರ್‌ನೆಟ್ ಎಂಬ ಮಾಮೂಲಿ ತಂತಿ ಜಾಲದಲ್ಲಿ 1500 ಬೈಟ್, ಪಿಪಿಪಿಒಇ ಎಂಬ ಸಂಪರ್ಕ ವಿಧಾನ ಬಳಸುವ ಬ್ರಾಡ್‌ಬ್ಯಾಂಡ್‌ನಲ್ಲಿ 1492, ವಿಪಿಎನ್ ಎಂಬ ಗೂಢಲಿಪಿಯ ಸಂಪರ್ಕದೊಳಗೆ ಇನ್ನೂ ಕಡಿಮೆ. ದೊಡ್ಡ ಪೊಟ್ಟಣ ಬಂದಾಗ ಚಿಕ್ಕದು ಕಳಿಸಿ ಎಂಬ ಸೂಚನೆ ಹಿಂದಿರುಗಬೇಕು. ನಡುವಿನ ಫೈರ್‌ವಾಲ್ ಆ ಸೂಚನೆಯನ್ನೇ ನುಂಗಿದರೆ ಚಿಕ್ಕವು ದಾಟುತ್ತವೆ, ದೊಡ್ಡವು ಸದ್ದಿಲ್ಲದೆ ಕಾಣೆಯಾಗುತ್ತವೆ. ವಿಂಡೋಸ್‌ನ ಪಿಂಗ್ ಆಜ್ಞೆಗೆ ಪೊಟ್ಟಣವನ್ನು ತುಂಡು ಮಾಡದಿರುವ ಎಫ್ ಮತ್ತು ಗಾತ್ರ ಹೇಳುವ ಎಲ್ ಆಯ್ಕೆಗಳನ್ನು ಕೊಟ್ಟು, 1472ರಿಂದ ಶುರುಮಾಡಿ ಇಳಿಸುತ್ತ ಬನ್ನಿ. ಉತ್ತರ ಬರುವ ಅತಿ ದೊಡ್ಡ ಸಂಖ್ಯೆಗೆ 28 ಕೂಡಿಸಿದರೆ ಸರಿಯಾದ ಎಂಟಿಯು ಸಿಗುತ್ತದೆ. 1464 ಬಂದರೆ 1492. ಅದನ್ನು ರೂಟರ್‌ನಲ್ಲಿ ಅಥವಾ ವಿಪಿಎನ್ ಸೆಟ್ಟಿಂಗ್‌ನಲ್ಲಿ ತುಂಬಿ.

## ಯಾವುದೂ ಫಲ ಕೊಡದಾಗ

ಎಲ್ಲ ಮಾಡಿ ನೋಡಿದೆ. ತಾಂತ್ರಿಕ ವಿಭಾಗದವರಿಗೆ ಏನಂತ ಬರೆಯಲಿ?

ಮೇಲ್ ತೆರೆಯುತ್ತಿಲ್ಲ ಎಂದಷ್ಟೇ ಬರೆದರೆ ಅವರು ಮೊದಲಿನಿಂದ ಎಲ್ಲವನ್ನೂ ಕೇಳಬೇಕಾಗುತ್ತದೆ. ತೊಂದರೆ ಶುರುವಾದ ದಿನ ಮತ್ತು ಗಂಟೆ, ಬ್ರೌಸರ್ ಮತ್ತು ಅದರ ಆವೃತ್ತಿ, ಪರದೆಯ ಮೇಲಿನ ಸಂದೇಶದ ಪೂರ್ತಿ ಚಿತ್ರ, ಮತ್ತು ಮೊದಲ ಉತ್ತರದ ಮೂರು ಪರೀಕ್ಷೆಗಳ ಫಲಿತಾಂಶ ಬರೆಯಿರಿ. ಸಾಧ್ಯವಾದರೆ ಎಫ್ 12 ಕೀಲಿ ಒತ್ತಿ, ನೆಟ್‌ವರ್ಕ್ ಎಂಬ ಪಟ್ಟಿ ತೆರೆದು, ಪುಟವನ್ನು ರಿಫ್ರೆಶ್ ಮಾಡಿ ನೋಡಿ. ಕೆಂಪು ಬಣ್ಣದ ಸಾಲುಗಳು ಸೋತ ಕೋರಿಕೆಗಳು. ಬ್ಲಾಕ್ಡ್ ಬೈ ಕ್ಲೈಂಟ್ ಎಂದಿದ್ದರೆ ಎಕ್ಸ್‌ಟೆನ್ಷನ್ ತಡೆದಿದೆ, ಟೈಮ್ಡ್ ಔಟ್ ಎಂದಿದ್ದರೆ ಜಾಲದಲ್ಲಿ ಎಲ್ಲೋ ನಿಂತಿದೆ.

ಆ ಪಟ್ಟಿಯನ್ನು ಎಚ್‌ಎಆರ್ ಎಂಬ ಕಡತವಾಗಿ ಉಳಿಸಿ ಕಳಿಸಲು ಅವರು ಹೇಳಬಹುದು. ಅದರಲ್ಲಿ ನಿಮ್ಮ ಲಾಗಿನ್ ಕುಕಿಗಳೂ ಸೇರಿರುವ ಸಾಧ್ಯತೆ ಇದೆ, ಮತ್ತು ಅವು ಸಿಕ್ಕವರು ಪಾಸ್‌ವರ್ಡ್ ಇಲ್ಲದೆಯೇ ನಿಮ್ಮ ಖಾತೆಯೊಳಗೆ ಬರಬಹುದು. ಕ್ರೋಮ್‌ನ ಹೊಸ ಆವೃತ್ತಿಗಳಲ್ಲಿ ಸ್ಯಾನಿಟೈಸ್ಡ್ ಎಂಬ ಆಯ್ಕೆಯಿದೆ, ಅದನ್ನೇ ಬಳಸಿ. ಕಡತವನ್ನು ನಿಮಗೆ ಗೊತ್ತಿರುವ ಅಧಿಕೃತ ವಿಳಾಸಕ್ಕೆ ಮಾತ್ರ ಕಳಿಸಿ, ಎಲ್ಲರಿಗೂ ಕಾಣುವ ಕಡೆ ಹಾಕಬೇಡಿ, ತೊಂದರೆ ಬಗೆಹರಿದ ಮೇಲೆ ಖಾತೆಯ ಭದ್ರತಾ ವಿಭಾಗದಿಂದ ಎಲ್ಲ ಸಾಧನಗಳಲ್ಲಿಯೂ ಲಾಗ್‌ಔಟ್ ಮಾಡಿ ಹೊಸದಾಗಿ ಲಾಗಿನ್ ಆಗಿ.